ಗೋಣಿ ಬಟ್ಟೆಯ ಮೇಲಿನ ಸಾಕ್ಷಿ: ಚಿಲಿಯ ಹೆಂಗಸರ ಹೊಲಿಗೆ ಗುಂಪುಗಳ ಒಂದು ಪ್ರಕರಣ

1974ರ ಹೊತ್ತಿಗೆ ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಎಷ್ಟೋ ಹೆಂಗಸರ ದಿನಚರಿ ಒಂದೇ ಥರ ಇತ್ತು. ಬೆಳಗ್ಗೆ ಪೊಲೀಸ್ ಠಾಣೆ. ಅಲ್ಲಿಂದ ಜೈಲು. ಆಮೇಲೆ ಆಸ್ಪತ್ರೆ, ಶವಾಗಾರ, ಕೋರ್ಟು. ಎಲ್ಲ ಕಡೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನನ್ನ ಮಗ ಎಲ್ಲಿ? ನನ್ನ ಗಂಡ ಎಲ್ಲಿ? ಸಿಗುತ್ತಿದ್ದ ಉತ್ತರವೂ ಒಂದೇ: ಆ ಹೆಸರಿನವರನ್ನು ನಾವು ಹಿಡಿದೇ ಇಲ್ಲ.

ಇವರಲ್ಲಿ ಕೆಲವರು ಒಂದು ಕೋಣೆಯಲ್ಲಿ ಸೇರಿ, ಗೋಣಿ ಬಟ್ಟೆಯ ಮೇಲೆ ಚಿಂದಿ ಹೊಲಿಯಲು ಶುರುಮಾಡಿದರು. ಹಾಗೆ ಹುಟ್ಟಿದ ಚಿತ್ರಗಳನ್ನು ಅರ್ಪಿಯೇರಾ ಎನ್ನುತ್ತಾರೆ. ಸಮುದಾಯದ ಕಲೆ ಅನ್ಯಾಯದ ಎದುರು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿಯಬೇಕೆಂದರೆ ಈ ಪ್ರಕರಣವನ್ನು ನಿಧಾನವಾಗಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಇದನ್ನು "ಸೂಜಿ ಹಿಡಿದು ಸರ್ವಾಧಿಕಾರಿಯನ್ನು ಎದುರಿಸಿದ ತಾಯಂದಿರು" ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಸಾಲು ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಮುಖ್ಯವಾದದ್ದೇ ಅದರಲ್ಲಿ ಬಿಟ್ಟುಹೋಗುತ್ತದೆ. ಈ ಹೆಂಗಸರು ಮೊದಲು ಸೇರಿದ್ದು ಹೊಟ್ಟೆಪಾಡಿಗೆ. ಸಾಕ್ಷಿ ಹೇಳುವ ಧೈರ್ಯ ಬಂದದ್ದು ಆ ಹೊಟ್ಟೆಪಾಡಿನ ಕೋಣೆಯಲ್ಲಿ.

ಏನಾಗಿತ್ತು

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ, ಜನ ಆರಿಸಿದ್ದ ಅಧ್ಯಕ್ಷ ಸಾಲ್ವದೋರ್ ಅಯೆಂದೆಯ ಸರ್ಕಾರವನ್ನು ಉರುಳಿಸಿತು. ಅಧ್ಯಕ್ಷರ ಅರಮನೆ ಲಾ ಮೊನೇದಾದ ಮೇಲೆ ಯುದ್ಧವಿಮಾನಗಳು ಬಾಂಬ್ ಹಾಕಿದವು. ಅಯೆಂದೆ ಅಲ್ಲೇ ಸತ್ತರು. ಜನರಲ್ ಅಗಸ್ತೊ ಪಿನೋಶೆ ಅಧಿಕಾರಕ್ಕೆ ಬಂದ. ಮುಂದಿನ ಹದಿನಾರೂವರೆ ವರ್ಷ ದೇಶ ಅವನ ಕೈಯಲ್ಲಿತ್ತು.

ಕಾರ್ಮಿಕ ಸಂಘದವರು, ವಿದ್ಯಾರ್ಥಿಗಳು, ಎಡಪಕ್ಷಗಳ ಕಾರ್ಯಕರ್ತರು, ಹಳ್ಳಿಯ ರೈತ ಮುಖಂಡರು, ಹೀಗೆ ಸಾವಿರಾರು ಜನರನ್ನು ಹಿಡಿದರು. ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣವೇ ಜೈಲಾಯಿತು. ಆಮೇಲೆ ಡೀನಾ ಎಂಬ ಗುಪ್ತ ಪೊಲೀಸ್ ಪಡೆ ಬಂತು. ಊರೊಳಗಿನ ಮನೆಗಳಲ್ಲೇ ಚಿತ್ರಹಿಂಸೆಯ ಜಾಗಗಳು ತಲೆಯೆತ್ತಿದವು. ವಿಯಾ ಗ್ರಿಮಾಲ್ದಿ ಅದರಲ್ಲಿ ಕುಖ್ಯಾತವಾದದ್ದು. ಕೊಂದವರ ಹೆಣವನ್ನು ಮನೆಯವರಿಗೆ ಕೊಡದೆ ಬಚ್ಚಿಡುವುದು, ಹಿಡಿದದ್ದನ್ನೇ ಒಪ್ಪಿಕೊಳ್ಳದಿರುವುದು ರೂಢಿಯಾಯಿತು. ಸತ್ತವರಿಗೆ ಅಳಬಹುದು, ಮಣ್ಣು ಮಾಡಬಹುದು. ಕಾಣೆಯಾದವರಿಗೆ ಏನು ಮಾಡುವುದು? ಕಾಯುವುದೊಂದೇ.

ಕೋರ್ಟುಗಳ ಬಾಗಿಲೂ ಮುಚ್ಚಿದ ಹಾಗೇ ಇತ್ತು. ಹಿಡಿದವರನ್ನು ಹಾಜರುಪಡಿಸಿ ಎಂದು ಹಾಕಿದ ಅರ್ಜಿಗಳು ಸಾವಿರಾರು. ನ್ಯಾಯಾಧೀಶರು ಪುರಸ್ಕರಿಸಿದ್ದು ಬೆರಳೆಣಿಕೆಯಷ್ಟು.

ಪತ್ರಿಕೆಗಳ ಕಥೆಯನ್ನು ಇಲ್ಲಿ ಹೇಳಲೇಬೇಕು. ಬಟ್ಟೆಯೇ ಸುದ್ದಿಪತ್ರಿಕೆಯಾಗಬೇಕಾಗಿ ಬಂದದ್ದು ಯಾಕೆ ಅನ್ನುವುದು ಆಗ ಅರ್ಥವಾಗುತ್ತದೆ. 1975ರ ಜುಲೈನಲ್ಲಿ ಅರ್ಜೆಂಟೀನಾ ಮತ್ತು ಬ್ರೆಜಿಲ್‌ನ, ಯಾರೂ ಕೇಳರಿಯದ ಎರಡು ಪತ್ರಿಕೆಗಳಲ್ಲಿ ಕಾಣೆಯಾದ 119 ಮಂದಿಯ ಹೆಸರು ಬಂತು. ಇವರೆಲ್ಲ ದೇಶದ ಹೊರಗೆ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು ಸತ್ತಿದ್ದಾರೆ ಅನ್ನುವುದು ಆ ಸುದ್ದಿ. ಅದು ಡೀನಾ ಹೆಣೆದ ಸುಳ್ಳು. ಚಿಲಿಯ ಪತ್ರಿಕೆಗಳು ಅದನ್ನೇ ಎತ್ತಿ ಅಚ್ಚುಹಾಕಿದವು. ಲಾ ಸೆಗುಂದಾ ಪತ್ರಿಕೆಯಂತೂ ಇವರು "ಇಲಿಗಳ ಹಾಗೆ" ನಾಶವಾದರು ಎಂಬ ತಲೆಬರಹ ಕೊಟ್ಟಿತು. ಮಗನನ್ನು ಮನೆಯಿಂದಲೇ ಎಳೆದೊಯ್ದದ್ದನ್ನು ಕಣ್ಣಾರೆ ಕಂಡ ತಾಯಿ ಆ ಸಾಲನ್ನು ಓದಬೇಕಾಯಿತು. ಸತ್ಯ ಗೊತ್ತಿದೆ, ಹೇಳಲು ಜಾಗ ಇಲ್ಲ. ಇಂಥ ಸ್ಥಿತಿಯಲ್ಲಿ ಇದ್ದವರು ಇವರು.

ಹೊಟ್ಟೆಪಾಡು ಮೊದಲು

ದಂಗೆಯಾದ ಮುಂದಿನ ತಿಂಗಳೇ, ಅಂದರೆ 1973ರ ಅಕ್ಟೋಬರ್‌ನಲ್ಲಿ, ಕ್ಯಾಥೊಲಿಕ್, ಲೂಥರನ್, ಮೆಥಡಿಸ್ಟ್ ಚರ್ಚಿನವರು ಮತ್ತು ಯಹೂದಿ ಸಮುದಾಯದವರು ಸೇರಿ ಒಂದು ಶಾಂತಿ ಸಮಿತಿ ಕಟ್ಟಿದ್ದರು. ಸಿಕ್ಕಿಬಿದ್ದವರಿಗೆ ವಕೀಲರನ್ನು ಒದಗಿಸುವುದು, ಕುಟುಂಬಗಳಿಗೆ ನೆರವಾಗುವುದು ಅದರ ಕೆಲಸ. ಠಾಣೆಯಿಂದ ಠಾಣೆಗೆ ಅಲೆಯುತ್ತಿದ್ದ ಹೆಂಗಸರು ಕೊನೆಗೆ ಇಲ್ಲಿಗೆ ಬರುತ್ತಿದ್ದರು. ಅವರಲ್ಲಿ ಬಹಳ ಜನರ ಮನೆಯಲ್ಲಿ ದುಡಿಯುವ ಕೈಯೇ ಹೋಗಿತ್ತು. ಮಕ್ಕಳು ಹಸಿದಿದ್ದವು. ನಿಮ್ಮ ಗಂಡನ ಹೆಸರು ಗೊತ್ತಾಗಿ ನಿಮಗೆ ಯಾರೂ ಕೆಲಸ ಕೊಡದ ಕಾಲ ಅದು.

ಸಮಿತಿಯ ಜೊತೆ ಕೆಲಸ ಮಾಡುತ್ತಿದ್ದ ಕಲಾವಿದೆ ವಲೆಂತೀನಾ ಬೊನ್ನೆ 1974ರಲ್ಲಿ ಈ ಹೆಂಗಸರಿಗೆ ಹೊಲಿಗೆಯ ಕೆಲಸ ಕೊಡುವ ಯೋಚನೆ ಮುಂದಿಟ್ಟರು. ಎದುರಿಗೆ ಎರಡು ಮಾದರಿಗಳಿದ್ದವು. ಒಂದು, ಕಡಲತೀರದ ಇಸ್ಲಾ ನೆಗ್ರಾ ಊರಿನ ಹೆಂಗಸರು ಮಾಡುತ್ತಿದ್ದ ಕಸೂತಿ ಚಿತ್ರಗಳು. ಇನ್ನೊಂದು, ಜಾನಪದ ಗಾಯಕಿ ವಿಯೊಲೇತಾ ಪಾರ್ರಾ ಗೋಣಿ ಬಟ್ಟೆಯ ಮೇಲೆ ಮಾಡಿದ ದೊಡ್ಡ ಕಸೂತಿಗಳು. 1964ರಲ್ಲಿ ಅವು ಪ್ಯಾರಿಸ್‌ನ ಲೂವ್ರ್ ಕಟ್ಟಡದಲ್ಲಿರುವ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡಿದ್ದವು. ಆದರೆ ಕಸೂತಿಗೆ ಒಳ್ಳೆಯ ದಾರ ಬೇಕು, ತರಬೇತಿ ಬೇಕು, ತುಂಬ ಹೊತ್ತು ಬೇಕು. ಈ ಹೆಂಗಸರ ಹತ್ತಿರ ಇದ್ದದ್ದು ಹಳೆ ಬಟ್ಟೆ, ಹಿಟ್ಟಿನ ಚೀಲ, ನಡುಗುವ ಕೈ. ಹಾಗಾಗಿ ಚಿಂದಿಯನ್ನು ಕತ್ತರಿಸಿ ಹಚ್ಚುವ ಸುಲಭದ ದಾರಿ ಹಿಡಿದರು. ಹಳೆ ಸೀರೆ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ನಮ್ಮ ಅಜ್ಜಿಯರು ಕೌದಿ ಹೊಲಿಯುತ್ತಿದ್ದರಲ್ಲ, ಅಂಥ ಕೈಗೆ ಇದು ಹೊಸತೇನಲ್ಲ. ಹೊಸದಾಗಿದ್ದದ್ದು ಆ ತುಂಡುಗಳಲ್ಲಿ ಮನುಷ್ಯರು ಕಾಣಿಸಿಕೊಂಡದ್ದು.

ವಾರಕ್ಕೊಮ್ಮೆ ಸೇರುವುದು. ಪ್ರತಿ ಗುಂಪಿಗೂ ಒಬ್ಬ ಮುಖ್ಯಸ್ಥೆ, ಲೆಕ್ಕ ನೋಡಿಕೊಳ್ಳಲು ಒಬ್ಬಳು. ಒಬ್ಬೊಬ್ಬರು ಎಷ್ಟು ಬಟ್ಟೆ ಮಾಡಬಹುದು ಎಂಬುದಕ್ಕೆ ಮಿತಿ ಇತ್ತು. ಚುರುಕಾದವಳು ಹತ್ತು ಮಾಡಿ, ನಿಧಾನದವಳು ಬರಿಗೈಯಲ್ಲಿ ಹೋಗಬಾರದು ಎಂಬುದೇ ಅದರ ಉದ್ದೇಶ. ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲು ಗುಂಪಿನ ನಿಧಿಗೆ. ಯಾರದಾದರೂ ಮನೆಯಲ್ಲಿ ಕಾಯಿಲೆಯಾದರೆ, ತೀರಾ ಕಷ್ಟ ಬಂದರೆ ಅದರಿಂದ ಕೊಡುತ್ತಿದ್ದರು. ಈ ಲೆಕ್ಕದ ಪುಸ್ತಕ, ಈ ಮಿತಿ, ಈ ನಿಧಿ, ಇದನ್ನೆಲ್ಲ ಕಲೆಯ ಚರಿತ್ರೆಯಲ್ಲಿ ಯಾರೂ ಜಾಸ್ತಿ ಬರೆಯುವುದಿಲ್ಲ. ನನಗೆ ಇಡೀ ಪ್ರಕರಣದ ಬೆನ್ನೆಲುಬು ಇಲ್ಲೇ ಕಾಣುತ್ತದೆ. ಹದಿನೈದು ವರ್ಷ ಗುಂಪು ಉಳಿಯುವುದು ಆವೇಶದಿಂದ ಆಗುವ ಕೆಲಸವಲ್ಲ. ಈ ವಾರದ ದುಡ್ಡು ನ್ಯಾಯವಾಗಿ ಹಂಚಿಕೆಯಾಯಿತಾ ಅನ್ನುವ ಪ್ರಶ್ನೆಗೆ ಪ್ರತಿ ವಾರವೂ ಉತ್ತರ ಸಿಗಬೇಕು.

ಪಿನೋಶೆಯ ಒತ್ತಡಕ್ಕೆ 1975ರ ಕೊನೆಯಲ್ಲಿ ಶಾಂತಿ ಸಮಿತಿ ಮುಚ್ಚಿತು. ಸ್ಯಾಂಟಿಯಾಗೊದ ಕ್ಯಾಥೊಲಿಕ್ ಚರ್ಚಿನ ಮುಖ್ಯಸ್ಥ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರೀಕೆಸ್ ಸುಮ್ಮನಾಗಲಿಲ್ಲ. 1976ರ ಜನವರಿಯಲ್ಲೇ ಚರ್ಚಿನ ಒಳಗಿನ ಇಲಾಖೆಯಾಗಿ ವಿಕಾರಿಯಾ ದೆ ಲಾ ಸೊಲಿದರಿದಾದ್ ಎಂಬ ಸಂಸ್ಥೆ ತೆರೆದರು. ಅದರ ಕಚೇರಿ ಇದ್ದದ್ದು ಊರ ನಟ್ಟನಡುವೆ, ಪ್ರಧಾನ ಚರ್ಚಿನ ಮಗ್ಗುಲಲ್ಲಿ. ಮೊದಲಿನ ಸಮಿತಿಯನ್ನು ಮುಚ್ಚಿಸಿದ ಹಾಗೆ ಇದನ್ನು ಮುಚ್ಚಿಸಲು ಆಗಲಿಲ್ಲ. ಕ್ಯಾಥೊಲಿಕ್ ದೇಶದ ಸರ್ವಾಧಿಕಾರಿ ಕಾರ್ಡಿನಲ್ ಕಚೇರಿಯ ಮೇಲೆ ನೇರವಾಗಿ ಕೈ ಮಾಡುವುದು ಕಷ್ಟ. ಹೊಲಿಗೆ ಗುಂಪುಗಳು ಈ ನೆರಳಿನಲ್ಲಿ ಬೆಳೆದವು.

ಅಷ್ಟರಲ್ಲಿ ಇನ್ನೊಂದು ಬಗೆಯ ಹೆಂಗಸರು ಬರತೊಡಗಿದ್ದರು. ಇವರ ಮನೆಯಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಆದರೆ ಗಂಡಂದಿರ ಕೆಲಸ ಹೋಗಿತ್ತು. ಸರ್ಕಾರ ಖರ್ಚು ಕಡಿತ ಮಾಡಿ, ಸಾರ್ವಜನಿಕ ಕಂಪನಿಗಳನ್ನು ಮಾರಿ, ಆಮದಿಗೆ ಬಾಗಿಲು ತೆರೆದ ಮೇಲೆ ಕಾರ್ಖಾನೆಗಳು ಮುಚ್ಚಿದ್ದವು. ನಗರದ ಅಂಚಿನ ಬಡ ಬಡಾವಣೆಗಳಲ್ಲಿ, ಲೊ ಎರ್ಮಿದಾದಂಥ ಕಡೆ, ಚರ್ಚಿನ ಕೋಣೆಗಳಲ್ಲಿ ಹೊಸ ಗುಂಪುಗಳು ಶುರುವಾದವು. ಒಂದು ಗುಂಪಿನ ದುಃಖ ಕೊಲೆಯದ್ದು, ಇನ್ನೊಂದರದ್ದು ಹಸಿವಿನದ್ದು. ಎರಡರ ಹಿಂದೆಯೂ ಇದ್ದ ಕೈ ಒಂದೇ ಎಂಬುದು ಹೆಂಗಸರಿಗೆ ಪುಸ್ತಕ ಓದಿ ಗೊತ್ತಾಗಲಿಲ್ಲ. ಅಕ್ಕಪಕ್ಕ ಕೂತು ಹೊಲಿಯುತ್ತ, ಮಾತಾಡುತ್ತ ಗೊತ್ತಾಯಿತು.

ಬಟ್ಟೆಯಲ್ಲಿ ಏನಿತ್ತು

ಒಂದು ಅರ್ಪಿಯೇರಾ ಸುಮಾರು ಒಂದೂವರೆ ಅಡಿ ಅಗಲ, ಒಂದು ಅಡಿ ಎತ್ತರ. ತಳಕ್ಕೆ ಹಿಟ್ಟಿನದೋ ಸಕ್ಕರೆಯದೋ ಚೀಲ. ಮೇಲೆ ಚಿಂದಿಯ ಮನೆ, ರಸ್ತೆ, ಮರ. ಜನರನ್ನು ಪುಟ್ಟ ಬೊಂಬೆಗಳಾಗಿ ಮಾಡಿ ಹೊಲಿಯುತ್ತಿದ್ದರು. ತಲೆ, ಕೈ ಎದ್ದು ನಿಲ್ಲುತ್ತಿದ್ದವು. ಅಂಚಿಗೆ ಉಲ್ಲನ್ ದಾರದ ಕುಣಿಕೆ. ಹಿನ್ನೆಲೆಯಲ್ಲಿ ಹೆಚ್ಚುಕಡಿಮೆ ಯಾವಾಗಲೂ ಆಂಡಿಸ್ ಪರ್ವತ, ಅದರ ಮೇಲೆ ಸೂರ್ಯ. ಸ್ಯಾಂಟಿಯಾಗೊದಲ್ಲಿ ತಲೆಯೆತ್ತಿದರೆ ಕಾಣುವುದು ಆ ಪರ್ವತವೇ. ಹಾಗಾಗಿ ಬಟ್ಟೆ ನೋಡಿದ ಕೂಡಲೇ ಇದು ಯಾವ ಊರು ಎಂದು ತಿಳಿಯುತ್ತಿತ್ತು.

ಬಣ್ಣ ಮಾತ್ರ ಹಬ್ಬದ್ದು. ಹಳದಿ, ಕೆಂಪು, ನೀಲಿ. ದೂರದಿಂದ ನೋಡಿದರೆ ಮಕ್ಕಳ ಕೋಣೆಗೆ ತೂಗುಹಾಕುವ ಚಿತ್ರ. ಹತ್ತಿರ ಹೋದರೆ ಪೊಲೀಸರು ಒಬ್ಬನನ್ನು ವ್ಯಾನಿಗೆ ತಳ್ಳುತ್ತಿದ್ದಾರೆ. ಒಬ್ಬಳು ಹೆಂಗಸು ಬಾಗಿಲಲ್ಲಿ ನಿಂತಿದ್ದಾಳೆ. ಇನ್ನೊಂದರಲ್ಲಿ ಬೀದಿಯ ನಡುವೆ ದೊಡ್ಡ ಪಾತ್ರೆ, ಸುತ್ತ ಬಟ್ಟಲು ಹಿಡಿದ ಮಕ್ಕಳು. ಅದು ಬಡಾವಣೆಯ ಹೆಂಗಸರು ಸೇರಿ ನಡೆಸುತ್ತಿದ್ದ ಸಾಮೂಹಿಕ ಅಡುಗೆ. ಮನೆಯಲ್ಲಿ ಇದ್ದಷ್ಟು ತಂದು ಒಂದೇ ಪಾತ್ರೆಗೆ ಹಾಕಿ ಎಲ್ಲರಿಗೂ ಬಡಿಸುವುದು. ಬಿಲ್ಲು ಕಟ್ಟದ್ದಕ್ಕೆ ನೀರು ನಿಲ್ಲಿಸಿದ್ದು, ವಿದ್ಯುತ್ ಕಂಬದಿಂದ ಕದ್ದು ತಂತಿ ಎಳೆದದ್ದು, ಕಾರ್ಖಾನೆ ಬಾಗಿಲಲ್ಲಿ "ಕೆಲಸ ಖಾಲಿ ಇಲ್ಲ" ಎಂಬ ಬೋರ್ಡು, ಇದೆಲ್ಲ ಬಟ್ಟೆಗೆ ಬಂತು. ಕಾಣೆಯಾದವರ ಮನೆಯವರ ಬಟ್ಟೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು: ಅವರು ಎಲ್ಲಿದ್ದಾರೆ? ಕೆಲವರು ಕಾಣೆಯಾದವನ ಅಂಗಿಯ ತುಂಡನ್ನೇ ಬಳಸಿದರು.

ಎಷ್ಟೋ ಬಟ್ಟೆಗಳ ಹಿಂಬದಿಯಲ್ಲಿ ಪುಟ್ಟ ಜೇಬು ಇರುತ್ತಿತ್ತು. ಅದರೊಳಗೆ ಮಡಚಿಟ್ಟ ಚೀಟಿ. ಮುಂಬದಿಯ ಚಿತ್ರದಲ್ಲಿ ಏನು ನಡೆಯುತ್ತಿದೆ ಎಂದು ಹೊಲಿದವಳೇ ಬರೆದದ್ದು. ಕೊಂಡವರು ಗೋಡೆಗೆ ತೂಗುಹಾಕುವ ಮೊದಲು ಜೇಬಿಗೆ ಕೈ ಹಾಕಿದರೆ ಸಾಕು, ಆಕೆಯ ಮಾತು ಕೈಗೆ ಸಿಗುತ್ತಿತ್ತು.

ಬಟ್ಟೆಯೂ ಬೀದಿಯ ಹೋರಾಟವೂ ಬೇರೆ ಬೇರೆ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಕಾಣೆಯಾದವರ ಕುಟುಂಬಗಳ ಸಂಘದ ಹೆಂಗಸರು 1977ರ ಜೂನ್‌ನಲ್ಲಿ ಸ್ಯಾಂಟಿಯಾಗೊದ ವಿಶ್ವಸಂಸ್ಥೆ ಕಚೇರಿಯಲ್ಲಿ ಉಪವಾಸ ಕೂತರು. 1979ರ ಏಪ್ರಿಲ್‌ನಲ್ಲಿ ಮುಚ್ಚಿದ್ದ ಸಂಸತ್ ಭವನದ ಕಬ್ಬಿಣದ ಬೇಲಿಗೆ ತಮ್ಮನ್ನೇ ಸರಪಳಿಯಿಂದ ಕಟ್ಟಿಕೊಂಡರು. ಇಂಥವನ್ನೂ ಹೊಲಿದರು. ಪತ್ರಿಕೆ ಬರೆಯದ ಪ್ರತಿಭಟನೆಗೆ ಬಟ್ಟೆಯೇ ವರದಿಯಾಯಿತು.

1978ರ ಮಾರ್ಚ್ 8ರಂದು ಕೌಪೊಲಿಕಾನ್ ರಂಗಮಂದಿರದಲ್ಲಿ ನಡೆದದ್ದು ನನ್ನನ್ನು ಬಹಳ ಕಾಡಿದ ಸಂಗತಿ. ಕ್ವೇಕಾ ಚಿಲಿಯ ಜನಪದ ನೃತ್ಯ. ಗಂಡು ಹೆಣ್ಣು ಜೋಡಿಯಾಗಿ, ಕೈಯಲ್ಲಿ ಕರವಸ್ತ್ರ ಬೀಸುತ್ತ, ಒಲಿಸಿಕೊಳ್ಳುವ ಆಟದ ಹಾಗೆ ಕುಣಿಯುತ್ತಾರೆ. ಅಂದು ಮಹಿಳಾ ದಿನದ ಕಾರ್ಯಕ್ರಮದಲ್ಲಿ ಕಾಣೆಯಾದವರ ಹೆಂಡತಿಯರು, ತಾಯಂದಿರು ಕಪ್ಪು ಲಂಗ, ಬಿಳಿ ಕುಪ್ಪಸ ತೊಟ್ಟು, ಎದೆಗೆ ಫೋಟೊ ಚುಚ್ಚಿಕೊಂಡು ಬಂದರು. ಒಬ್ಬಳೇ ಕುಣಿದಳು. ಜೋಡಿಯ ಜಾಗ ಖಾಲಿ. ಒಂದು ಘೋಷಣೆಯಿಲ್ಲ, ಭಾಷಣವಿಲ್ಲ. ನೋಡಿದವರಿಗೆ ವಿವರಿಸಬೇಕಾದದ್ದು ಏನೂ ಉಳಿಯಲಿಲ್ಲ. 1979ರಲ್ಲಿ ಪಿನೋಶೆ ಸರ್ಕಾರ ಇದೇ ಕ್ವೇಕಾವನ್ನು ರಾಷ್ಟ್ರೀಯ ನೃತ್ಯ ಎಂದು ಘೋಷಿಸಿತು. ಆ ಹೊತ್ತಿಗೆ ಅದರ ಇನ್ನೊಂದು ರೂಪ ಈ ಹೆಂಗಸರದಾಗಿತ್ತು. ಒಂಟಿ ಕ್ವೇಕಾ ಕೂಡ ಬಟ್ಟೆಗಳಲ್ಲಿ ಬಂತು: ಬೊಂಬೆಯೊಂದು ಕರವಸ್ತ್ರ ಎತ್ತಿ ನಿಂತಿದೆ, ಸುತ್ತ ಹಾಡುವ ಹೆಂಗಸರು.

1978ರ ಕೊನೆಯಲ್ಲಿ ಲೊಂಕೇನ್ ಎಂಬಲ್ಲಿ, ಪಾಳುಬಿದ್ದ ಸುಣ್ಣದ ಭಟ್ಟಿಗಳಲ್ಲಿ ಹದಿನೈದು ಮಂದಿಯ ಅವಶೇಷ ಸಿಕ್ಕಿತು. ಸುಳಿವು ಬಂದದ್ದು ಚರ್ಚಿಗೆ, ಹೊರಗೆ ತಂದದ್ದು ವಿಕಾರಿಯಾ. ಇವರು ಇಸ್ಲಾ ದೆ ಮೈಪೊ ಊರಿನವರು. 1973ರ ಅಕ್ಟೋಬರ್‌ನಲ್ಲಿ ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಇವರೆಲ್ಲ ಎಲ್ಲೋ ಓಡಿಹೋಗಿದ್ದಾರೆ ಎಂಬ ಸರ್ಕಾರದ ಮಾತಿಗೆ ನೆಲದಿಂದಲೇ ಉತ್ತರ ಬಂದಿತ್ತು. ಕಾಣೆಯಾದವರು ಸತ್ತಿರಬಹುದು ಎಂದು ಎಷ್ಟೋ ತಾಯಂದಿರು ಮೊದಲ ಸಲ ಒಪ್ಪಿಕೊಂಡದ್ದು ಆಗಲೇ. ಲೊಂಕೇನ್ ಭಟ್ಟಿಗಳ ಅರ್ಪಿಯೇರಾಗಳಿವೆ. ಭಟ್ಟಿ, ಸುತ್ತ ನಿಂತ ಜನ, ಹೂವು. 1980ರಲ್ಲಿ ಆ ಭಟ್ಟಿಗಳನ್ನು ಸಿಡಿಮದ್ದಿಟ್ಟು ಉರುಳಿಸಿದರು. ಬಟ್ಟೆಗಳು ಅಷ್ಟರಲ್ಲಿ ದೇಶದ ಹೊರಗೆ ಹೋಗಿದ್ದವು.

ಗಡಿ ದಾಟಿದ ದಾರಿ

ಇಂಥ ಚಿತ್ರಗಳನ್ನು ಸೇನಾ ಸರ್ಕಾರ ಮೊದಮೊದಲು ಯಾಕೆ ಬಿಟ್ಟಿತು? ಕಾರಣ ಸರಳ. ಹೆಂಗಸರು, ಅದರಲ್ಲೂ ಬಡ ಹೆಂಗಸರು, ಚರ್ಚಿನಲ್ಲಿ ಕೂತು ಹೊಲಿಯುತ್ತಿದ್ದಾರೆ. ಇದರಲ್ಲಿ ರಾಜಕೀಯ ಇರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ಹೆಣ್ಣಿನ ಕೆಲಸವನ್ನು ಕೀಳಾಗಿ ಕಾಣುವ ಕಣ್ಣೇ ಇಲ್ಲಿ ಹೆಂಗಸರನ್ನು ಸ್ವಲ್ಪ ಕಾಲ ಕಾಪಾಡಿತು.

ಆ ರಕ್ಷಣೆ ತುಂಬ ದಿನ ಉಳಿಯಲಿಲ್ಲ. ಅರ್ಪಿಯೇರಾಗಳನ್ನು ಪ್ರದರ್ಶಿಸಿದ್ದ ಸ್ಯಾಂಟಿಯಾಗೊದ ಪೌಲೀನಾ ವಾ ಗ್ಯಾಲರಿಗೆ 1977ರ ಜನವರಿಯಲ್ಲಿ ಬೆಂಕಿ ಇಟ್ಟರು. ಬಟ್ಟೆಗಳು ದೇಶದ ಮಾನ ಕಳೆಯುತ್ತಿವೆ ಎಂಬ ಕೂಗು ಸರ್ಕಾರದ ಪರ ಪತ್ರಿಕೆಗಳಲ್ಲಿ ಎದ್ದಿತು. ಹೆಂಗಸರು ಪರದೆ ಎಳೆದುಕೊಂಡು ಹೊಲಿಯತೊಡಗಿದರು. ಮುಗಿದ ಬಟ್ಟೆಯನ್ನು ಉಡುಪಿನ ಒಳಗೆ ಅಡಗಿಸಿ ಒಯ್ಯುತ್ತಿದ್ದರು. ಬಟ್ಟೆಯ ಮೇಲೆ ಸಹಿ ಹಾಕುವಂತಿರಲಿಲ್ಲ.

ಒಳಗೆ ಕೊಳ್ಳುವವರು ಕಡಿಮೆ. ಮಾರುಕಟ್ಟೆ ಇದ್ದದ್ದು ಹೊರಗೆ. ದಂಗೆಯ ನಂತರ ದೇಶ ಬಿಟ್ಟ ಚಿಲಿಯನ್ನರು ಯೂರೋಪ್, ಕೆನಡಾ, ಅಮೆರಿಕದಲ್ಲಿ ನೆಲೆಸಿದ್ದರು. ಅವರ ಬೆಂಬಲದ ಗುಂಪುಗಳು, ಅಲ್ಲಿನ ಚರ್ಚುಗಳು, ಮಾನವ ಹಕ್ಕು ಸಂಘಟನೆಗಳು ಬಟ್ಟೆ ತರಿಸಿಕೊಂಡು ಸಭೆ, ಮೇಳ, ಮನೆಕೂಟಗಳಲ್ಲಿ ಮಾರುತ್ತಿದ್ದವು. ಒಂದು ಕರಪತ್ರವನ್ನು ಓದಿ ಎಸೆಯಬಹುದು. ದುಡ್ಡು ಕೊಟ್ಟು ಕೊಂಡ ಬಟ್ಟೆಯನ್ನು ಯಾರೂ ಎಸೆಯುವುದಿಲ್ಲ. ಅದು ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ, ಮನೆಗೆ ಬಂದವರು ಇದೇನು ಎಂದು ಕೇಳುತ್ತಾರೆ, ಮನೆಯವರು ಹೇಳಬೇಕಾಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಇದನ್ನು ಹೇಳದೆ ಬಿಟ್ಟರೆ ಪ್ರಕರಣ ಅರ್ಧವೇ. ಬಟ್ಟೆ ಹೊರಗೆ ಹೋಗಬೇಕಾದರೆ ವಿಕಾರಿಯಾದ ಕೈ ದಾಟಬೇಕಿತ್ತು. ಹೊಲಿಗೆ ಗಟ್ಟಿಯಾಗಿದೆಯಾ, ಚಿತ್ರ ಅಚ್ಚುಕಟ್ಟಾಗಿದೆಯಾ, ವಿಷಯ ಅಪಾಯದ್ದಾ ಎಂದು ಅಲ್ಲಿನವರು ನೋಡುತ್ತಿದ್ದರು. ಕೆಲವನ್ನು ವಾಪಸು ಕಳಿಸುತ್ತಿದ್ದರು. ಯಾವ ವಿಷಯ ಹೆಚ್ಚು ಮಾರಾಟವಾಗುತ್ತದೆ ಎಂಬುದು ಹೆಂಗಸರಿಗೂ ಬೇಗ ಗೊತ್ತಾಯಿತು. ಕೊಳ್ಳುವವರಿಗೆ ಪೊಲೀಸ್ ದಾಳಿ, ಸಾಮೂಹಿಕ ಅಡುಗೆ ಬೇಕು. ಹಾಗಾದರೆ ಬಟ್ಟೆಯಲ್ಲಿರುವುದು ಹೊಲಿದವಳ ಬದುಕೋ, ಕೊಳ್ಳುವವರ ನಿರೀಕ್ಷೆಯೋ? ಒಂದೇ ದೃಶ್ಯ ನೂರಾರು ಬಟ್ಟೆಗಳಲ್ಲಿ ಮತ್ತೆ ಮತ್ತೆ ಬಂದದ್ದನ್ನು ನೋಡಿ, ಇದು ಕಲೆಯಲ್ಲ, ಸಾಮಾನು ಎಂದವರೂ ಇದ್ದಾರೆ.

ನಾನು ಆ ಮಾತನ್ನು ಒಪ್ಪುವುದಿಲ್ಲ. ಬಡಾವಣೆಯಲ್ಲಿ ಸಾಮೂಹಿಕ ಅಡುಗೆ ದಿನವೂ ನಡೆಯುತ್ತಿದ್ದರೆ ಬಟ್ಟೆಯಲ್ಲೂ ಅದು ಮತ್ತೆ ಮತ್ತೆ ಬರುತ್ತದೆ. ಆದರೆ ಯಾರು ಆಯ್ಕೆ ಮಾಡುತ್ತಾರೆ, ಯಾರು ತಿರಸ್ಕರಿಸುತ್ತಾರೆ ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ಸಮುದಾಯದ ಕಲೆಗೆ ಹೊರಗಿನ ದುಡ್ಡು ಬಂದಲ್ಲೆಲ್ಲ ಈ ಪ್ರಶ್ನೆ ಬರುತ್ತದೆ. ಇಲ್ಲಿನ ಹೆಂಗಸರಿಗೆ ಬೇರೆ ದಾರಿ ಇರಲಿಲ್ಲ. ಚರ್ಚಿನ ನೆರಳು ಇಲ್ಲದಿದ್ದರೆ ಗುಂಪೂ ಇಲ್ಲ, ಮಾರಾಟವೂ ಇಲ್ಲ, ಪ್ರಾಣಕ್ಕೂ ಭರವಸೆ ಇಲ್ಲ. ತಮ್ಮ ಮಾತಿನ ಒಂದು ಭಾಗವನ್ನು ಬಿಟ್ಟುಕೊಟ್ಟು ಉಳಿದ ಭಾಗವನ್ನು ಲೋಕಕ್ಕೆ ತಲುಪಿಸಿದರು.

ದಕ್ಕಿದ್ದು, ದಕ್ಕದ್ದು

ಸರ್ವಾಧಿಕಾರ ಬಿದ್ದದ್ದು ಹೊಲಿಗೆಯಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1980ರ ದಶಕದ ಆರ್ಥಿಕ ಕುಸಿತ, 1983ರಿಂದ ನಡೆದ ರಾಷ್ಟ್ರವ್ಯಾಪಿ ಪ್ರತಿಭಟನೆಗಳು, ಪಕ್ಷಗಳ ಒಗ್ಗಟ್ಟು, ಹೊರದೇಶಗಳ ಒತ್ತಡ, ಎಲ್ಲ ಸೇರಿದವು. 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಿನೋಶೆಗೆ "ಬೇಡ" ಎಂದರು. 1990ರ ಮಾರ್ಚ್‌ನಲ್ಲಿ ಪತ್ರೀಸಿಯೊ ಐಲ್ವಿನ್ ಅಧ್ಯಕ್ಷರಾದರು.

ಹೊಲಿಗೆಯಿಂದ ದಕ್ಕಿದ್ದನ್ನು ಬೇರೆ ಕಡೆ ಹುಡುಕಬೇಕು. ಮಕ್ಕಳಿಗೆ ಊಟ ಸಿಕ್ಕಿತು, ಇದು ಮೊದಲನೆಯದು ಮತ್ತು ಸಣ್ಣದಲ್ಲ. ಮನೆ ಬಿಟ್ಟು ಹೊರಗೇ ಹೋಗದ ಹೆಂಗಸರು ಸಭೆ ನಡೆಸಲು, ಲೆಕ್ಕ ಇಡಲು, ಪೊಲೀಸರ ಎದುರು ನಿಂತು ಮಾತಾಡಲು ಕಲಿತರು. ಕೆಲವರ ಗಂಡಂದಿರಿಗೆ ಇದು ಹಿಡಿಸಲಿಲ್ಲ. ಮನೆಯಲ್ಲಿ ಜಗಳಗಳಾದವು. ಹೆಂಗಸರು ಬರುವುದನ್ನು ಬಿಡಲಿಲ್ಲ. ತನ್ನ ದುಃಖ ತನ್ನೊಬ್ಬಳದೇ ಎಂದುಕೊಂಡವಳು ಎದುರಿಗೆ ಕೂತವಳ ಬಟ್ಟೆಯಲ್ಲಿ ಅದೇ ವ್ಯಾನು, ಅದೇ ಬಾಗಿಲು ಕಂಡಳು. ಸರ್ಕಾರ ನಡೆದೇ ಇಲ್ಲ ಎಂದದ್ದಕ್ಕೆ ದೂರದ ದೇಶಗಳ ಸಾವಿರಾರು ಮನೆಗಳಲ್ಲಿ ಪುರಾವೆ ತೂಗಾಡುತ್ತಿತ್ತು. ಪಕ್ಕದ ದೇಶ ಪೆರುವಿನ ಲಿಮಾ ನಗರದ ಬಡ ಬಡಾವಣೆಗಳ ಹೆಂಗಸರೂ ಇದೇ ಬಗೆಯ ಹೊಲಿಗೆಯಲ್ಲಿ ತಮ್ಮ ಬದುಕು ಹೇಳತೊಡಗಿದರು.

ದಕ್ಕದ್ದೂ ದೊಡ್ಡದೇ. ಹೊಲಿದವರಲ್ಲಿ ಬಹಳ ಜನರಿಗೆ ಮಗನ ಒಂದು ಮೂಳೆಯೂ ಸಿಗಲಿಲ್ಲ. 1978ರಲ್ಲಿ ಸೇನಾ ಸರ್ಕಾರ ತನ್ನವರಿಗೆ ತಾನೇ ಕ್ಷಮಾದಾನ ಕೊಡುವ ಕಾನೂನು ಮಾಡಿಕೊಂಡಿತ್ತು. ಪ್ರಜಾಪ್ರಭುತ್ವ ಬಂದ ಮೇಲೂ ವರ್ಷಗಟ್ಟಲೆ ಅದು ಅಡ್ಡ ನಿಂತಿತು. ಪಿನೋಶೆ 1998ರಲ್ಲಿ ಲಂಡನ್ನಿನಲ್ಲಿ ಬಂಧನಕ್ಕೊಳಗಾದ, ಆದರೆ ಯಾವ ಶಿಕ್ಷೆಯೂ ಆಗದೆ 2006ರಲ್ಲಿ ಸತ್ತ. 2023ರ ಆಗಸ್ಟ್‌ನಲ್ಲಿ ಅಧ್ಯಕ್ಷ ಗಾಬ್ರಿಯೆಲ್ ಬೊರಿಚ್ ಸರ್ಕಾರ ಕಾಣೆಯಾದವರನ್ನು ಹುಡುಕುವ ರಾಷ್ಟ್ರೀಯ ಯೋಜನೆ ಘೋಷಿಸಿತು. ಅಷ್ಟು ಹೊತ್ತಿಗೆ ಅಧಿಕೃತ ಪಟ್ಟಿಯಲ್ಲಿದ್ದ 1,469 ಮಂದಿಯಲ್ಲಿ ಗುರುತು ಸಿಕ್ಕಿದ್ದು 307 ಮಂದಿಯದ್ದು. ಹುಡುಕುವ ಹೊಣೆಯನ್ನು ಸರ್ಕಾರವೇ ಹೊತ್ತುಕೊಳ್ಳಲು ದಂಗೆ ಆಗಿ ಐವತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟು ತಾಯಂದಿರು ತೀರಿಕೊಂಡಿರಬಹುದು, ಯೋಚಿಸಿ.

ಇನ್ನೊಂದು ನಷ್ಟದ ಬಗ್ಗೆ ಜನ ಮಾತಾಡುವುದು ಕಡಿಮೆ. ಪ್ರಜಾಪ್ರಭುತ್ವ ಬಂದ ಮೇಲೆ ಹೊರದೇಶದ ಬೆಂಬಲಿಗರು, ಚಿಲಿಯ ಕಷ್ಟ ಮುಗಿಯಿತು ಎಂದುಕೊಂಡರು. 1992ರ ಕೊನೆಯಲ್ಲಿ ವಿಕಾರಿಯಾ ಮುಚ್ಚಿತು. ಕೊಳ್ಳುವವರು ಕರಗಿದರು, ಗುಂಪುಗಳು ಒಂದೊಂದೇ ಚದುರಿದವು. ಬಡತನ ಹಾಗೇ ಇತ್ತು, ಕಾಣೆಯಾದವರು ಕಾಣೆಯಾಗಿಯೇ ಇದ್ದರು. ವಾರಕ್ಕೊಮ್ಮೆ ಸೇರುವ ಕೋಣೆ ಮಾತ್ರ ಹೋಯಿತು. ಗುಂಪನ್ನು ಹಿಡಿದಿಟ್ಟದ್ದು ಹೊಟ್ಟೆಪಾಡು ಎಂದು ಮೊದಲೇ ಹೇಳಿದೆನಲ್ಲ, ಅದರ ಇನ್ನೊಂದು ಮುಖ ಇದು. ಆ ಹೊಟ್ಟೆಪಾಡು ಪೂರ್ತಿ ಹೊರಗಿನ ಕನಿಕರದ ಮೇಲೆ ನಿಂತಿದ್ದರೆ, ಕನಿಕರ ಬೇರೆ ದೇಶದ ಕಡೆ ತಿರುಗಿದ ದಿನ ಗುಂಪೂ ಕುಸಿಯುತ್ತದೆ. ಬೆಂಬಲ ಕೊಡುವವರು ಕೊಡುವಾಗಲೇ ಈ ದಿನದ ಬಗ್ಗೆ ಗುಂಪಿನ ಜೊತೆ ಕೂತು ಮಾತಾಡಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಊರಿನೊಳಗೇ ಕೊಳ್ಳುವವರನ್ನು, ಕಲಿಯುವವರನ್ನು ಬೆಳೆಸಲು ಆ ಕೊನೆಯ ವರ್ಷಗಳಲ್ಲಿ ಅವಕಾಶ ಇತ್ತು. ಲೊ ಎರ್ಮಿದಾದಂಥ ಕೆಲವು ಕಡೆ ಹೆಂಗಸರು ಹಟ ಹಿಡಿದು ಮುಂದುವರಿಸಿದರು. ಅದು ಅವರದೇ ಬಲದಿಂದ.

ಹೆಸರಿಲ್ಲದ ಬಟ್ಟೆಗಳು

ಸ್ಯಾಂಟಿಯಾಗೊದಲ್ಲಿ 2010ರ ಜನವರಿಯಲ್ಲಿ ತೆರೆದ ನೆನಪು ಮತ್ತು ಮಾನವ ಹಕ್ಕುಗಳ ಮ್ಯೂಸಿಯಂನಲ್ಲಿ ಇಂದು ಅರ್ಪಿಯೇರಾಗಳ ದೊಡ್ಡ ಸಂಗ್ರಹವಿದೆ. ಯೂರೋಪ್, ಅಮೆರಿಕದ ಮ್ಯೂಸಿಯಂಗಳಲ್ಲೂ ಇವೆ. ಒಂದು ಕಾಲಕ್ಕೆ ಮನೆಕೂಟದಲ್ಲಿ ಕೊಂಡವರು, ಈಗ ವಯಸ್ಸಾಗಿ, ಬಟ್ಟೆಗಳನ್ನು ಸಂಗ್ರಹಗಳಿಗೆ ಕೊಡುತ್ತಿದ್ದಾರೆ. ಜೇಬಿನಲ್ಲಿದ್ದ ಚೀಟಿಗಳು ಕೆಲವದರಲ್ಲಿ ಇನ್ನೂ ಇವೆ.

ಬಟ್ಟೆಯ ಕೆಳಗಿನ ಫಲಕದಲ್ಲಿ ಮಾತ್ರ ಬಹಳ ಸಲ ಒಂದೇ ಪದ: ಅನಾಮಿಕ. ಆಗ ಹೆಸರು ಹಾಕದಿದ್ದದ್ದು ಜೀವ ಉಳಿಸಿಕೊಳ್ಳಲು. ಆ ಭಯ ಇಂದಿಲ್ಲ. ಹೊಲಿದವರಲ್ಲಿ ಕೆಲವರು ಮುಂದೆ ಬಂದು ಇದು ನನ್ನದು ಎಂದು ಹೇಳಿದ್ದಾರೆ. ಬಹಳ ಜನ ಹೇಳಿಲ್ಲ, ಹೇಳಲು ಅವರನ್ನು ಯಾರೂ ಕೇಳಿಲ್ಲ. ಹೊಲಿಗೆಯ ರೀತಿ, ಬಟ್ಟೆಯ ಜಾತಿ, ಅಂಚಿನ ಕುಣಿಕೆ, ಚೀಟಿಯ ಕೈಬರಹ ಇವುಗಳಿಂದ ಯಾವ ಬಡಾವಣೆಯ ಯಾವ ಗುಂಪು ಎಂದು ಗುರುತಿಸಬಲ್ಲವರು ಇನ್ನೂ ಬದುಕಿದ್ದಾರೆ, ಆದರೆ ಎಲ್ಲರಿಗೂ ವಯಸ್ಸಾಗಿದೆ. ಮ್ಯೂಸಿಯಂಗಳು ಈ ಬಟ್ಟೆಗಳನ್ನು ಮತ್ತೊಂದು ಪ್ರದರ್ಶನಕ್ಕೆ ಕಳಿಸುವ ಮೊದಲು ಅವುಗಳ ಫೋಟೊ ಹಿಡಿದು ಆ ಬಡಾವಣೆಗಳಿಗೆ ಹೋಗಬೇಕು. ಬದುಕಿರುವವರ ಒಪ್ಪಿಗೆ ಪಡೆದು ಹೆಸರು ಬರೆಯಬೇಕು. ಒಬ್ಬರ ಹೆಸರು ಗೊತ್ತಾಗದಿದ್ದರೆ ಗುಂಪಿನದು, ಬಡಾವಣೆಯದು ಬರೆಯಬೇಕು. ಈ ಕೆಲಸಕ್ಕೆ ಉಳಿದಿರುವ ವರ್ಷಗಳು ಜಾಸ್ತಿ ಇಲ್ಲ.